ಗೊರ್ರೆನ್ನುವ ಊರಿನಲ್ಲಿ ನಮ್ಮ ಭಾವ

ನಮ್ಮ ಭಾವನನ್ನು ಊಟಕ್ಕೆ ಕರೆಯುವ ಮನಸ್ಸಿದ್ದರೆ ಧಾರಾಳವಾಗಿ ಕರೆಯಿರಿ. ಆದರೆ ಅವರು ಬರುವ ಮೊದಲು ಒಂದು ಟಾರ್ಚನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಿ. ಏಕೆಂದರೆ ನೀವು ಹೋಳಿಗೆಯ ಮೇಲೆ ತುಪ್ಪ ಬಡಿಸುವ ಹೊತ್ತಿಗೆ ಅವರು ನಿಮ್ಮ ಮನೆಯ ಕರೆಂಟನ್ನೇ ತೆಗೆದಿರುತ್ತಾರೆ! ಗಾಬರಿಯಿಂದ ಕೇಳಿದರೆ ಕತ್ತಲೊಳಗಿಂದ ಶಾಂತವಾದ ದನಿ ಬರುತ್ತದೆ: "ಒಂದ್ನಿಮಿಷ ಇರಿ, ಸದ್ದು ನಿಮ್ಮ ಫ್ರಿಜ್ಜಿಂದೋ ಡಿಶ್‌ವಾಷರ್ದೋ ಅಂತ ನೋಡ್ತಿದೀನಿ."

ಭಾವ ಎಂದರೆ ನನ್ನ ಅಕ್ಕನ ಗಂಡ. ಅಮೆರಿಕದ ಸಮಾಮಿಶ್ ಗುಡ್ಡದ ಮೇಲೆ ಮನೆ, ಒಳ್ಳೆಯ ಕಂಪನಿಯಲ್ಲಿ ಎಂಜಿನಿಯರ್ ಕೆಲಸ, ನೆತ್ತಿಯ ಮೇಲೆ ಉಳಿದಿರುವ ನಾಲ್ಕು ಕೂದಲನ್ನೂ ಬಾಚಿಕೊಳ್ಳುವ ಸಾಧು ಮನುಷ್ಯ. ದೋಷವೆಂದರೆ ಅವರ ಶರ್ಟಿನ ಜೇಬಿನಲ್ಲಿ ಸದಾ ಇರುವ, ಸೋಪಿನ ಡಬ್ಬಿಯಷ್ಟಿರುವ ಒಂದು ರೇಡಿಯೋ. ಅದು ಎಫ್‌ಎಂ ಹಾಡು ಹಾಕುವ ರೇಡಿಯೋ ಅಲ್ಲ, ಶಾರ್ಟ್‌ವೇವ್. ನಮ್ಮ ತಾತಂದಿರು ಮುಳ್ಳು ತಿರುಗಿಸುತ್ತ, ಕಿವಿ ಹಚ್ಚಿ, ಸಮುದ್ರದಾಚೆಯಿಂದ ಕುಂಯ್ ಕುಂಯ್ ಎನ್ನುತ್ತ ಬರುವ ದನಿಗಳನ್ನು ಕೇಳುತ್ತಿದ್ದರಲ್ಲ, ಅದೇ. ಆ ದನಿ ಆಕಾಶಕ್ಕೆ ಬಡಿದು, ಭೂಮಿಗೆ ಬಡಿದು, ಪುಟಿಯುತ್ತ ಪುಟಿಯುತ್ತ ಲೋಕವನ್ನೇ ಸುತ್ತಿ ಬರುತ್ತದಂತೆ. ಇಷ್ಟೆಲ್ಲ ಕಷ್ಟಪಟ್ಟು ಬಂದ ಬಡಪಾಯಿಯನ್ನು ಕೊನೆಗೆ ಕೊಲ್ಲುವುದು ಯಾರು ಗೊತ್ತೇ? ನಿಮ್ಮ ಫೋನ್ ಚಾರ್ಜರ್!

ಹೌದು. ಚಾರ್ಜರು, ಎಲ್‌ಇಡಿ ಬಲ್ಬು, ಟ್ರೆಡ್‌ಮಿಲ್ಲು, ಮೀನಿನ ತೊಟ್ಟಿಯ ಹೀಟರು, ಇವೆಲ್ಲ ನಮಗೆ ಕೇಳಿಸದ ಹಾಗೆ ಗೊರ್ರೆನ್ನುತ್ತವೆ. ಶಾರ್ಟ್‌ವೇವ್ ರೇಡಿಯೋ ಹಚ್ಚಿದರೆ ಆ ಗೊರ್ರು ಮಾತ್ರ ಕೇಳಿಸುತ್ತದೆ, ಮಿಕ್ಕ ಲೋಕ ಮುಚ್ಚಿಹೋಗುತ್ತದೆ. ಟೋಟೆಮ್ ಲೇಕ್‌ನ ನನ್ನ ಅಪಾರ್ಟ್‌ಮೆಂಟಿಗೆ ಭಾವ ಮೊದಲ ಸಲ ಬಂದಾಗ ಜೇಬಿನಿಂದ ರೇಡಿಯೋ ತೆಗೆದು, ಕಿವಿಗಿಟ್ಟು, ಎರಡೂ ಕಣ್ಣು ಮುಚ್ಚಿ, ಸತ್ತವರ ಮನೆಗೆ ಬಂದವರಂತೆ ನನ್ನ ಬೆನ್ನು ಸವರಿದ್ದರು. "ಹೆಂಗಿದೀಯಮ್ಮ ಇಲ್ಲಿ?" ಎಂದರು. ನಾನು ಬಾಡಿಗೆ ಜಾಸ್ತಿ ಅಂತ ಹೇಳುತ್ತಿದ್ದಾರೆಂದುಕೊಂಡೆ.

ಇಷ್ಟಕ್ಕೂ ಅವರು ಕೇಳಬೇಕೆಂದು ಹಟ ಹಿಡಿದದ್ದು ಏನನ್ನು? ತಿಪಟೂರಿನಲ್ಲಿರುವ ಅವರ ಗೆಳೆಯನೊಬ್ಬನನ್ನು. ಇಬ್ಬರೂ ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನವರು. ಇಬ್ಬರೂ ಕೂತು ಮೋರ್ಸ್ ಕಲಿತರು, ಅದೇ ಟಿಕ್ ಟಾ ಟಿಕ್ ಎಂದು ಬಡಿಯುವ ತಂತಿ ಭಾಷೆ. ಮೆಸ್ಸಿನಲ್ಲಿ ಮೊದಲು ಊಟಕ್ಕೆ ಹೋದ ಗೆಳೆಯ ಚಮಚದಿಂದ ಸ್ಟೀಲ್ ಲೋಟದ ಮೇಲೆ "ಸಾರು ನೀರು" ಎಂದು ಬಡಿಯುತ್ತಿದ್ದ. ಸಾಲಿನಲ್ಲಿ ಹಿಂದೆ ನಿಂತ ಭಾವ ಅದನ್ನು ಕೇಳಿ ಸಾರು ಬಿಟ್ಟು ಮಜ್ಜಿಗೆಗೆ ಕೈಯೊಡ್ಡುತ್ತಿದ್ದರು. ಅಡುಗೆಭಟ್ಟರಿಗೆ ಕೊನೆಯವರೆಗೂ ಇದರ ಗುಟ್ಟು ತಿಳಿಯಲಿಲ್ಲ. ಮುಂದೆ ಗೆಳೆಯ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದು, ಮನೆಯಿಂದಲೇ ಲೋಕಕ್ಕೆಲ್ಲ ಮೋರ್ಸ್ ಕಳಿಸುವ ಹವ್ಯಾಸಿಯಾದ. ನಮ್ಮ ಭಾವ ಅದೇ ಪರೀಕ್ಷೆಯಲ್ಲಿ ಫೇಲಾಗಿ ಬರೀ ಕೇಳುವವರಾದರು. ಊರು ಬಿಡುವ ದಿನ ಗೆಳೆಯನಿಗೆ ಮಾತು ಕೊಟ್ಟರಂತೆ, "ಪ್ರಪಂಚದ ಯಾವ ಮೂಲೇಲಿದ್ರೂ ನೀನು ಬಡಿಯೋದು ಕೇಳಿ ನಿನ್ನ ಕೈ ಗುರುತು ಹಿಡೀತೀನಿ ಕಣೋ" ಎಂದು. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಹಿಡಿದಿರಲಿಲ್ಲ!

ಕಳೆದ ದಸರಾ ಹೊತ್ತಿಗೆ ತಿಪಟೂರಿನಿಂದ ಸುದ್ದಿ ಬಂತು. ಗೆಳೆಯ ಮನೆ ಖಾಲಿ ಮಾಡಿ ಮೈಸೂರಿನ ಅಪಾರ್ಟ್‌ಮೆಂಟಿಗೆ ಹೋಗುತ್ತಾನೆ. ಅಲ್ಲಿ ತಂತಿ ಕಟ್ಟಲು ಬಿಡುವುದಿಲ್ಲ. ಈಗ ಎರಡು ತೆಂಗಿನಮರಗಳ ನಡುವೆ ಕಟ್ಟಿರುವ ಆಂಟೆನಾವನ್ನು ಸಂಕ್ರಾಂತಿಗೆ ಇಳಿಸಿಬಿಡುತ್ತಾನೆ. ಅಲ್ಲಿಯವರೆಗೆ ದಿನಾ ರಾತ್ರಿ ಊಟ ಮುಗಿಸಿ ಭಾವನಿಗೋಸ್ಕರ ಕಳಿಸುತ್ತಾನೆ, ನಮಗೆ ಆಗ ಬೆಳಗ್ಗೆ ಏಳೂವರೆ. ಸಂಕ್ರಾಂತಿಯೊಳಗೆ ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

"ಭಾನುವಾರ ಭಾನುವಾರ ಗಂಟೆಗಟ್ಟಲೆ ವಾಟ್ಸ್ಯಾಪಲ್ಲಿ ಮಾತಾಡ್ತೀರಲ್ಲ ಭಾವ, ಸಾಲದಾ?" ಎಂದು ಕೇಳಿದೆ.

"ಅದನ್ನ ಫೋನ್ ಕಂಪನಿಯೋರು ತಲುಪಿಸ್ತಾರಮ್ಮ. ಇದು ಹಂಗಲ್ಲ. ಅವನು ಎಸೀತಾನೆ, ನಾನು ಹಿಡೀಬೇಕು. ಮಧ್ಯದಲ್ಲಿ ಯಾರೂ ಇಲ್ಲ."

"ಮಧ್ಯದಲ್ಲಿ ಉತ್ತರ ಧ್ರುವ ಇದೆಯಂತಲ್ಲ?"

"ಧ್ರುವದ್ದೇನೂ ತೊಂದ್ರೆ ಇಲ್ಲ," ಎಂದರು ಭಾವ. "ಅದನ್ನ ದಾಟಿ ಬಂದುಬಿಡ್ತಾನೆ. ಸಮಾಮಿಶ್ ದಾಟೋದೇ ಕಷ್ಟ!"

ಹಾಗೆ ಶುರುವಾಯಿತು ನೋಡಿ ನಮ್ಮ ಭಾವನ ದಂಡಯಾತ್ರೆ.

ಮೊದಲ ಕಾಳಗ ನಡೆದದ್ದು ಕೆನ್ಮೋರಿನ ಪರಿಚಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಮಂಟಪದ ಹಿಂದೆ ಬಣ್ಣಬಣ್ಣವಾಗಿ ಗರಗರ ತಿರುಗುವ ಲೈಟಿನ ಪ್ರಭಾವಳಿ ಇಟ್ಟಿದ್ದರು. ಭಾವ ಒಳಗೆ ಕಾಲಿಟ್ಟೊಡನೆ ಜೇಬು ಗೊರ್ರೆಂದಿತು. ಕಥೆಯ ಐದೂ ಅಧ್ಯಾಯ ಅವರು ಸಂಕಟದಿಂದ ಕೂತಿದ್ದರು, ನೋಡಿದವರು ಭಕ್ತಿ ಎಂದುಕೊಂಡರು. ಮಹಾಮಂಗಳಾರತಿಗೆ ಎಲ್ಲರೂ ಎದ್ದು ನಿಂತಾಗ ತಡೆಯಲಾರದೆ ಮಂಟಪದ ಹಿಂದೆ ಕೈ ಹಾಕಿ ಪ್ಲಗ್ ಕಿತ್ತೇಬಿಟ್ಟರು. ದೇವರಿಗೆ ಕತ್ತಲು! ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಆ ಕತ್ತಲಲ್ಲಿ ಆರತಿಯ ಬೆಳಕೊಂದೇ ದೇವರ ಮುಖದ ಮೇಲೆ ಬಿದ್ದು, ಅಲ್ಲಿದ್ದವರೆಲ್ಲ ತಮಗೆ ತಿಳಿಯದೆ ಕೈ ಮುಗಿದು ನಿಂತುಬಿಟ್ಟರು. ಮನೆಯಾಕೆ ಕಣ್ಣೊರೆಸಿಕೊಂಡು ಬಂದು, "ಎಂಥಾ ಐಡಿಯಾ ಸಾರ್ ನಿಮ್ದು! ಇಷ್ಟು ವರ್ಷದಲ್ಲಿ ದೇವರನ್ನ ಇವತ್ತೇ ಸರಿಯಾಗಿ ನೋಡಿದ್ದು" ಎಂದರು. ಈಗ ಯಾರ ಮನೆಯಲ್ಲಿ ಪೂಜೆಯಾದರೂ ಮಂಗಳಾರತಿಗೆ ಲೈಟ್ ಆರಿಸುವುದೇ ಸಂಪ್ರದಾಯ!

ಆಮೇಲೆ ಬಂತು ಮಣಿಗಳ ಅಧ್ಯಾಯ. ವೈರಿನ ಗೊರ್ರನ್ನು ಅಡಗಿಸಲು ಅದಕ್ಕೆ ಸುತ್ತುವ ಕಪ್ಪು ಮಣಿಯಂಥ ವಸ್ತುವೊಂದಿದೆಯಂತೆ. ಭಾವ ಅದನ್ನು ಪೆಟ್ಟಿಗೆಗಟ್ಟಲೆ ತರಿಸಿ ಸಿಕ್ಕವರ ಮನೆಯ ಸಿಕ್ಕ ವೈರಿಗೆಲ್ಲ ಸಿಕ್ಕಿಸತೊಡಗಿದರು. ಲ್ಯಾಪ್‌ಟಾಪಿಗೆ ಮಣಿ, ಟೀವಿಗೆ ಮಣಿ, ಪಕ್ಕದ ಮನೆಯ ಅಮೆರಿಕನ್ ಮುದುಕರ ಮಸಾಜ್ ಕುರ್ಚಿಗೂ ಮಣಿ. ಅಕ್ಕ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ನನ್ನ ಕೊರಳಿಗೆ ಕರಿಮಣಿ ಕಟ್ಟೋವಾಗ ಕೈ ಎಷ್ಟು ನಡುಗ್ತಿತ್ತು ನಿಮಗೆ. ಊರೋರ ಚಾರ್ಜರಿಗೆ ಕಟ್ಟೋದ್ರಲ್ಲಿ ಏನು ಧೈರ್ಯ, ಏನು ಧೈರ್ಯ!" ಎಂದಳು. ಭಾವ ಅವಳ ಮಿಕ್ಸಿಗೂ ಒಂದು ಕಟ್ಟಿದರು.

ನವೆಂಬರ್ ಗಾಳಿ ಬಂತು. ನಮ್ಮ ಕಡೆ ಗಾಳಿಯೆದ್ದರೆ ಗೊತ್ತಲ್ಲ, ದೊಡ್ಡ ದೊಡ್ಡ ಮರಗಳು ತಂತಿಯ ಮೇಲೆ ಒರಗಿ ಗುಡ್ಡಕ್ಕೆ ಗುಡ್ಡವೇ ಕತ್ತಲಾಗುತ್ತದೆ. ಬೆಳಗ್ಗೆ ಏಳು ಗಂಟೆಗೆ ಕರೆಂಟ್ ಹೋಯಿತು. ಊರೆಲ್ಲ ಶಾಪ ಹಾಕುತ್ತಿರುವಾಗ ನಮ್ಮ ಭಾವ ಪೈಜಾಮದಲ್ಲೇ ಹಾಲಿನಲ್ಲಿ ಕುಣಿದರು! "ಒಂದು ಚಾರ್ಜರಿಲ್ಲ! ಒಂದು ಬಲ್ಬಿಲ್ಲ! ಇಡೀ ಸಮಾಮಿಶ್ ಬಾಯಿ ಮುಚ್ಕೊಂಡಿದೆ!" ಎಂದು ಬ್ಯಾಟರಿ ಹಾಕಿ, ಮಹಡಿಯಲ್ಲಿಟ್ಟಿರುವ ದೊಡ್ಡ ರೇಡಿಯೋ ಮುಂದೆ ಕೂತರು. ಏಳೂವರೆಗೆ ಸರಿಯಾಗಿ ಒಂದು ಕಡೆಯಿಂದ ಡುರ್ರ್ ಎಂದಿತು. ಇನ್ನೊಂದು ಕಡೆಯಿಂದ ಡುರ್ರ್. ಎಲ್ಲರೂ ಜನರೇಟರ್ ಹಚ್ಚಿದ್ದರು. ರೇಡಿಯೋದಲ್ಲಿ ಹಿಂದೆಂದೂ ಕೇಳದಂಥ ಗದ್ದಲ. ಎಲ್ಲರಿಗಿಂತ ಮೊದಲು ಹಚ್ಚಿದವರು ಯಾರು ಎನ್ನುತ್ತೀರಿ? ನಮ್ಮ ಅಕ್ಕ!

ಇಲ್ಲಿ ಅಕ್ಕನ ಕರಿಬೇವಿನ ಗಿಡದ ವಿಷಯ ಹೇಳಬೇಕು. ಇಲ್ಲಿನ ಚಳಿಗೆ ಕರಿಬೇವು ಬದುಕುವುದಿಲ್ಲ. ಅದಕ್ಕೇ ನಮ್ಮವರೆಲ್ಲ ಚಳಿಗಾಲದಲ್ಲಿ ಕುಂಡವನ್ನು ಗರಾಜಿಗೆ ತಂದು, ಬಿಸಿಲಿನ ಬದಲು ನೇರಳೆ ಬಣ್ಣದ ಗ್ರೋ ಲೈಟ್ ಹಾಕಿ ಸಾಕುತ್ತಾರೆ. ಅಕ್ಕನ ಕೈಯಲ್ಲಿ ಮೂರು ಗಿಡ ಹೋಗಿದ್ದವು, ಪ್ರತಿಯೊಂದಕ್ಕೂ ಅತ್ತಿದ್ದಳು. ನಾಲ್ಕನೆಯದು ಬದುಕಿತು. ಎರಡು ವರ್ಷದ ಹಿಂದೆ ಭಾವ ಕರೆಂಟ್ ಉಳಿಯುತ್ತದೆಂದು ಹೇಳಿ ಆ ಲೈಟನ್ನು ಬದಲಾಯಿಸಿದರು. ವಾರದಲ್ಲೇ ಎಲೆಯೆಲ್ಲ ಹಳದಿಯಾಗಿ ಉದುರಿದವು. ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಭಾವ ತೆಪ್ಪಗೆ ಹಳೆಯ ಲೈಟನ್ನೇ ತಂದು ಹಾಕಿದರು. "ಇನ್ಮೇಲೆ ನನ್ನ ಗಿಡದ ಹತ್ರ, ಅದರ ಲೈಟಿನ ಹತ್ರ ನಿಮ್ಮ ಕೈ ಬರಕೂಡದು, ಆಣೆ ಮಾಡಿ" ಎಂದಳು, ಮಾಡಿದರು. ಗಿಡ ಮತ್ತೆ ಚಿಗುರಿತು. ಅಂದಿನಿಂದ ಚಳಿಗಾಲವಿಡೀ ಆ ಲೈಟ್ ಒಂದು ಗಳಿಗೆಯೂ ಆರುವಂತಿಲ್ಲ. ಅದು ಅಕ್ಕನ ನಂದಾದೀಪ. ಒಂದು ಸಲ ಆರಿಸಿದರೆ ಗಿಡ ಹೋದಂತೆಯೇ ಎಂದು ಅವಳು ನಂಬಿಬಿಟ್ಟಿದ್ದಾಳೆ. ಜನರೇಟರ್ ಕೊಂಡದ್ದೂ ಅದಕ್ಕೇ. ನಾವು ಮನುಷ್ಯರು ಕತ್ತಲಲ್ಲಿ ಅವಲಕ್ಕಿ ತಿಂದೆವು, ಗಿಡಕ್ಕೆ ಬೆಳಕಿತ್ತು.

ಡಿಸೆಂಬರ್ ಬಂದರೂ ಗೊರ್ರು ಹೋಗಲಿಲ್ಲ. ಒಂದು ಸಂಜೆ ನಾನೂ ಭಾವನೂ ಅಕ್ಕನ ಮನೆಗೆ ಕಾರಿನಲ್ಲಿ ಬರುತ್ತಿದ್ದೆವು. ಭಾವ ಥಟ್ಟನೆ ಬ್ರೇಕ್ ಹಾಕಿದರು. ಬೀದಿಯುದ್ದಕ್ಕೂ ಗರಾಜ್ ಬಾಗಿಲುಗಳ ಸಂದಿಯಿಂದ ನೇರಳೆ ಬೆಳಕು ಸೋರುತ್ತಿತ್ತು. ಒಂದು, ಎರಡು, ಆಚೆ ಇನ್ನೊಂದು, ತಿರುವಿನಲ್ಲಿ ಮತ್ತೊಂದು. ಜೇಬಿನ ರೇಡಿಯೋ ಒಂದೊಂದರ ಮುಂದೆಯೂ ಗೊರ್ರೆಂದಿತು. ಭಾವ ಸ್ಟೀರಿಂಗ್ ಮೇಲೆ ತಲೆಯಿಟ್ಟರು. "ಕರಿಬೇವು ಕಣಮ್ಮ! ಇಷ್ಟು ದಿನ ನನ್ನ ಕಿವಿ ಮುಚ್ಚಿದ್ದು ಕರಿಬೇವು!"

"ಹಂಗಾದ್ರೆ ನಮ್ಮಕ್ಕನ ಲೈಟು?" ಎಂದೆ.

"ಅದು ಹಳೇ ಮಾಡೆಲ್ಲು. ಅದರದ್ದೇನೂ ಇಲ್ಲ," ಎಂದು ಕನ್ನಡಿ ಸರಿಮಾಡಿಕೊಂಡರು. ಎಂಜಿನಿಯರೇ ಹೇಳಿದ ಮೇಲೆ ಅಲ್ಲವೆನ್ನಲು ನಾನು ಯಾವ ಊರಿನವಳು?

ಕಾರು ನಿಲ್ಲಿಸಿ ಗರಾಜುಗಳನ್ನು ದಿಟ್ಟಿಸುತ್ತಿದ್ದ ನಮ್ಮನ್ನು ಕಂಡು ಮಸಾಜ್ ಕುರ್ಚಿಯ ಮುದುಕರು ಹೊರಗೆ ಬಂದರು. ಆಚೀಚೆ ನೋಡಿ, ದನಿ ತಗ್ಗಿಸಿ, ನಿಮ್ಮ ಜನರೆಲ್ಲ ಗರಾಜಿನಲ್ಲಿ ಏನೋ ಸೊಪ್ಪು ಬೆಳೆಯುತ್ತಾರಲ್ಲ, ನನಗೂ ಸ್ವಲ್ಪ ಸಿಗಬಹುದೇ ಎಂದು ಕೇಳಿದರು. ಭಾವ ಮರುದಿನವೇ ಪರಿಚಿತರೊಬ್ಬರ ಮನೆಯಿಂದ ಎರಡು ಕಡ್ಡಿ ತಂದುಕೊಟ್ಟು, ಬಿಸಿ ಎಣ್ಣೆಗೆ ಸಾಸಿವೆ ಸಿಡಿದ ಮೇಲೆ ಹಾಕಿ ಎಂದರು. ಮುದುಕರಿಗೆ ಬಹಳ ನಿರಾಸೆಯಾದಂತೆ ಕಂಡಿತು!

ಮುಂದಿನ ಶನಿವಾರ ಅಕ್ಕನ ಮನೆಯಲ್ಲಿ ಬೀದಿಯ ಕರಿಬೇವಿನವರ ಸಭೆ ಸೇರಿತು. ಬಿಸಿಬೇಳೆ ಬಾತ್ ತಿಂದು ಎಲ್ಲರೂ ಮೆತ್ತಗಾಗಿರುವ ಹೊತ್ತು ನೋಡಿ ಭಾವ ಎದ್ದು ನಿಂತರು. ತಿಪಟೂರು, ತೆಂಗಿನಮರ, ಸಂಕ್ರಾಂತಿ ಎಲ್ಲ ಹೇಳಿ, ದಿನಾ ಬೆಳಗ್ಗೆ ಏಳೂವರೆಯಿಂದ ಎಂಟರವರೆಗೆ ನಿಮ್ಮ ಕರಿಬೇವಿನ ಲೈಟ್ ಆರಿಸಿಕೊಡಿ ಎಂದು ಕೈ ಮುಗಿದರು. ಸಭೆ ಗಂಭೀರವಾಯಿತು. ಮನೆ ಸಾಲವಾದರೂ ಕೇಳಬಹುದು, ಕರಿಬೇವಿನ ವಿಷಯ ಎತ್ತುವುದೇ?

"ನಮ್ಮ ಗಿಡಕ್ಕೇನಾದ್ರೂ ಆದ್ರೆ ಯಾರು ಹೊಣೆ?" ಎಂದರು ತಿರುವಿನ ಮನೆಯಾಕೆ.

"ನಮ್ಮ ಗಿಡದಿಂದ ಮರಿ ಕೊಡ್ತೀನಿ," ಎಂದರು ಭಾವ.

"ಯಾರನ್ನ ಕೇಳಿ?" ಎಂದಿತು ಅಡುಗೆಮನೆ.

ಕೊನೆಗೆ ಎದುರುಮನೆಯ ತೆಲುಗಿನವರು, "ಅರಗಂಟೇ ಕದಾ ಸಾರ್, ಪರ್ವಾಲೇದು. ಪಾಪಂ, ಸ್ನೇಹಿತುಡು" ಎಂದು ಅರ್ಧ ಗಂಟೆಗೆ ಒಪ್ಪಿದ್ದೇ ತಡ, ಎಲ್ಲರೂ ಕರಗಿದರು. ಮರುದಿನದಿಂದ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಗುಲಾಬಿ ಹೂವಿನ ಶುಭೋದಯಗಳು ನಿಂತವು. ಅದರ ಬದಲು ಏಳೂವರೆಗೆ ಸರಿಯಾಗಿ "ಆಫ್", "ಆಫ್ ಸಾರ್", "ನಮ್ಮದೂ ಆಫ್" ಎಂದು ಸಾಲುಗಟ್ಟಿ ಬರತೊಡಗಿದವು. ಚಳಿಗಾಲದಲ್ಲಿ ಇಲ್ಲಿ ಆ ಹೊತ್ತಿಗೂ ಬೆಳಕು ಹರಿದಿರುವುದಿಲ್ಲ. ಅಕ್ಕನ ಮನೆಯಲ್ಲಿ ಉಳಿದ ದಿನ, ನೇರಳೆ ಬೆಳಕು ಒಂದೊಂದಾಗಿ ಆರಿ ಬೀದಿ ಕತ್ತಲಾಗುವುದನ್ನು ಕಿಟಕಿಯಿಂದ ನೋಡುವಾಗ ನಮ್ಮ ಜನ ಎಷ್ಟು ಒಳ್ಳೆಯವರು ಎನ್ನಿಸುತ್ತಿತ್ತು. ಗೊರ್ರು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಹೋಗಲಿಲ್ಲ.

ಸಂಕ್ರಾಂತಿಗೆ ಮುಂಚಿನ ಭಾನುವಾರ ನಾನು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚಿಕೊಡಲು ಅಕ್ಕನ ಮನೆಯಲ್ಲಿದ್ದೆ. ತಿಪಟೂರಿನಲ್ಲಿ ಮಾರನೆಯ ದಿನ ಆಂಟೆನಾ ಇಳಿಸುವವರು ಬರುತ್ತಿದ್ದರು. ಅಂದೇ ಕೊನೆ. "ಆಫ್"ಗಳೆಲ್ಲ ಬಂದಾಗಿತ್ತು. ಭಾವ ಮಹಡಿಯ ರೂಮಿನಲ್ಲಿ ದೊಡ್ಡ ರೇಡಿಯೋ ಮುಂದೆ ಬಾಗಿ ಕೂತಿದ್ದರು. ಕಾಫಿ ಕೊಡಲು ಹೋದ ಅಕ್ಕ ಬಾಗಿಲಲ್ಲೇ ನಿಂತು ಆ ಗೊರ್ರನ್ನು ಕೇಳಿದಳು.

"ಎಲ್ಲರೂ ಆರಿಸಿದ್ದಾರಲ್ಲ, ಇನ್ಯಾರ ಮನೇದು ಇದು?"

"ಯಾರದ್ದೋ. ಬೀದಿದೀಪದ್ದಿರಬೇಕು," ಎಂದರು ಭಾವ, ತಲೆಯೆತ್ತದೆ. "ಪರವಾಗಿಲ್ಲ ಬಿಡು. ಇದರ ಮಧ್ಯಾನೇ ಬರ್ತಾನೆ."

ಅಕ್ಕ ಕೆಳಗೆ ಬಂದಳು. ಮೇಜಿನ ಮೇಲಿದ್ದ ಸೋಪಿನ ಡಬ್ಬಿ ರೇಡಿಯೋ ಎತ್ತಿಕೊಂಡಳು. "ಬಾರೇ ಇಲ್ಲಿ" ಎಂದು ನನ್ನನ್ನು ಕರೆದು, ಭಾವ ಮಾಡುವ ಹಾಗೆಯೇ ಅದನ್ನು ಅಂಗೈಯಲ್ಲಿ ಮಲಗಿಸಿ, ನಿಧಾನವಾಗಿ ತಿರುಗಿಸುತ್ತ ಹೆಜ್ಜೆಯಿಟ್ಟಳು. ಹಾಲಿನಲ್ಲಿ ಸಣ್ಣ ಗೊರ್ರು. ಕಾರಿಡಾರಿನಲ್ಲಿ ಇನ್ನೂ ಜೋರು. ಗರಾಜಿನ ಬಾಗಿಲು ತೆರೆದೊಡನೆ ರೇಡಿಯೋ ಕಿರುಚಿಕೊಂಡಿತು. ಎದುರಿಗೆ ನೇರಳೆ ಬೆಳಕಿನಲ್ಲಿ ಆಳೆತ್ತರದ ಕರಿಬೇವು ಫಳಫಳ ಹೊಳೆಯುತ್ತಿತ್ತು.

ಅಕ್ಕ ರೇಡಿಯೋವನ್ನು ಲೈಟಿನ ಹತ್ತಿರ ಒಯ್ದಳು, ಹಿಂದಕ್ಕೆ ತಂದಳು. "ಅವತ್ತು ಲೈಟ್ ಯಾಕೆ ಬದಲಾಯಿಸಿದ್ರು ಅಂತ ಈಗ ಗೊತ್ತಾಯ್ತು ಕಣೇ" ಎಂದಳು. ಮೈಮೇಲಿದ್ದ ಶಾಲನ್ನು ತೆಗೆದು ಗಿಡಕ್ಕೆ ಹೊದಿಸಿದಳು. ಎಲೆಯೊಂದನ್ನು ಸವರಿ, "ಒಂದು ಸ್ವಲ್ಪ ಹೊತ್ತು ತಡ್ಕೋ ತಾಯಿ" ಎಂದು ನಂದಾದೀಪದ ಸ್ವಿಚ್ ಒತ್ತಿಬಿಟ್ಟಳು.

ಕತ್ತಲು. ಕೈಯಲ್ಲಿದ್ದ ರೇಡಿಯೋ ಗಪ್‌ಚಿಪ್. ಆ ಮೌನ ಎಷ್ಟು ದೊಡ್ಡದೆಂದು ಹೇಗೆ ಹೇಳಲಿ?

ಆಮೇಲೆ ಮಹಡಿಯಿಂದ ಮನೆ ಅದುರುವ ಹಾಗೆ ಕೂಗು ಕೇಳಿತು. "ಅವನೇ! ಅವನೇ ಕಣ್ರೇ! ಬನ್ರೇ ಮೇಲಕ್ಕೆ!"

ನಾವು ಓಡಿದೆವು. ಸ್ಪೀಕರಿನಿಂದ ನೀರೊಳಗೆ ಊದಿದಂತೆ ನಡುಗುವ ಒಂದು ಸಣ್ಣ ಸಿಳ್ಳೆ ಬರುತ್ತಿತ್ತು. ಟಿಕ್ ಟಿಕ್ ಟಿಕ್, ಟಿಕ್ ಟಾ. ಧ್ರುವದ ಮೇಲೆ ಹಾದು ಬಂದದ್ದು ಹಾಗೆ ನಡುಗುತ್ತದಂತೆ. "ಕೊನೇ ಸದ್ದನ್ನ ಹೆಂಗೆ ಎಳೀತಾನೆ ನೋಡು! ಹಾಸ್ಟೆಲ್ಲಲ್ಲೂ ಹಿಂಗೇ, ಚಮಚ ಎತ್ತೋಕೆ ಸೋಮಾರಿ!" ಎನ್ನುತ್ತ ಭಾವ ಕೈಗೆ ಸಿಕ್ಕ ಪೇಪರ್ ಟವೆಲ್ ಮೇಲೆ ಒಂದೊಂದೇ ಅಕ್ಷರ ಗೀಚಿದರು. ಪೂರ್ತಿಯಾದ ಮೇಲೆ ಓದಿ, ಬಿದ್ದು ಬಿದ್ದು ನಕ್ಕರು, ಕಣ್ಣಿಂದ ನೀರು ಸುರಿಯಿತು. ತಕ್ಷಣ ಫೋನ್ ಹಚ್ಚಿದರು.

"ಲೇ! ಸಾರು ನೀರು ಕಣೋ!"

ತಿಪಟೂರು ಫೋನ್ ಒಡೆಯುವ ಹಾಗೆ ಅರಚಿತು. "ಹಂಗಾರೆ ಕೇಳುಸ್ತೇನ್ಲಾ! ಸಿಕ್ಬುಟ್ನೇನ್ಲಾ ನಾನು!"

"ಸಿಕ್ದೆ ಕಣೋ, ಸಿಕ್ದೆ!"

ಇಬ್ಬರು ಅರೆಬೋಳು ತಲೆಯವರು ಭೂಮಿಯ ಎರಡು ಕಡೆ ನಿಂತು ಚಿಕ್ಕ ಮಕ್ಕಳಂತೆ ಕೂಗಾಡಿದರು. ನಾನು ಗುಂಪಿಗೆ "ಕೇಳಿಸಿತು!" ಎಂದು ಬರೆದದ್ದೇ ತಡ, ಪಟಾಕಿ ಚಿತ್ರಗಳ ಮಳೆಯೇ ಸುರಿಯಿತು. ತೆಲುಗಿನವರು ಹೊರಗೆ ಬಂದು ಕಾರಿನ ಹಾರ್ನ್ ಬಾರಿಸಿದರು. ಮಸಾಜ್ ಕುರ್ಚಿಯ ಮುದುಕರು ಏನೆಂದು ತಿಳಿಯದೆಯೇ ಕಿಟಕಿಯಲ್ಲಿ ಚಪ್ಪಾಳೆ ಹೊಡೆದರು. ಇಡೀ ಬೀದಿಯೇ ಗೆದ್ದಿತ್ತು, ಕರಿಬೇವು ಸಾಕಿದ ಪ್ರತಿಯೊಬ್ಬರೂ ಗೆದ್ದಿದ್ದರು!

ಬಾಯಿ ಸಿಹಿ ಮಾಡಬೇಕೆಂದು ಭಾವ ಗರಾಜಿನ ದೊಡ್ಡ ಫ್ರಿಜ್ಜಿನಿಂದ ಮೈಸೂರುಪಾಕು ತರಲು ಓಡಿದರು. ಓಡಿದಷ್ಟೇ ವೇಗದಲ್ಲಿ ವಾಪಸು ಬಂದರು. ಕೈಯಲ್ಲಿ ಮೈಸೂರುಪಾಕಿರಲಿಲ್ಲ.

"ನಿನ್ನ ದೀಪ ಆರಿಹೋಗಿದೆ ಕಣೇ! ನಾನು ಮುಟ್ಟಿಲ್ಲ, ಆಣೆಗೂ ಮುಟ್ಟಿಲ್ಲ!"

"ನಾನೇ ಆರಿಸಿದ್ದು," ಎಂದಳು ಅಕ್ಕ. "ಯಾವಾಗಿಂದ ಗೊತ್ತಿತ್ತು ನಿಮಗೆ?"

ಭಾವ ಪೇಪರ್ ಟವೆಲ್ ಮಡಿಸುತ್ತ ನಿಂತರು. "ಮೊದಲಿಂದಾನೂ."

"ಮತ್ತೆ ಊರೋರ ಮನೇದೆಲ್ಲ ಯಾಕೆ ಆರಿಸಿದ್ರಿ?"

"ಅವರದ್ದೆಲ್ಲ ಹೋದ್ರೆ, ನಿಂದೊಂದು ಇದ್ರೂ ಹೆಂಗೋ ಕೇಳಿಸ್ಬೋದು ಅಂತ."

"ಒಂದ್ಮಾತು ನನಗೆ ಹೇಳಿದ್ರೆ ನಾನು ಆರಿಸ್ತಿರ್ಲಿಲ್ವಾ?"

"ಆರಿಸ್ತಿದ್ದೆ," ಎಂದರು ಭಾವ. "ಅದಕ್ಕೇ ಹೇಳ್ಲಿಲ್ಲ."

ನಾನು ಕೊಬ್ಬರಿಯ ನೆಪದಲ್ಲಿ ಅಲ್ಲಿಂದ ಜಾರಬೇಕಿತ್ತು, ಜಾರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಗರಾಜಿಗೆ ನಡೆದಳು, ನಾವು ಹಿಂದೆ ಹೋದೆವು. ಗಿಡದ ಮೇಲಿನ ಶಾಲು ತೆಗೆದು ಭಾವನ ಹೆಗಲಿಗೆ ಹಾಕಿದಳು. "ಹಾಕಿ ಸ್ವಿಚ್ಚು, ನೀವೇ ಹಾಕಿ" ಎಂದಳು. ಭಾವ ಹೆದರುತ್ತ ಹೆದರುತ್ತ ಕೈ ಚಾಚಿದರು. ಕೈ ನಡುಗುತ್ತಿತ್ತು.

ನೇರಳೆ ಬೆಳಕು ಹೊತ್ತಿತು. ಮಹಡಿಯ ಮೇಲೆ ರೇಡಿಯೋ ಗೊರ್ರೆಂದಿತು. ಆ ಸದ್ದು ಕೇಳಿ ನಮ್ಮ ಭಾವ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.